ಕೋಣ ಬಿಡು, ಜನರನ್ನು ಬರೆ

ನಿನ್ನ ಕೈ ಚುರುಕು, ಮಾರಾಯ, ಒಪ್ಪಿದೆ. ಆದರೆ ಕಣ್ಣು ನೋಡಿ ಮುಗಿಸುವ ಮೊದಲೇ ಕೈ ಓಡುತ್ತದೆ! ಕಂಬಳಕ್ಕೆ ಹೋಗಿ ರಾತ್ರಿಯಿಡೀ ಕೋಣವನ್ನೇ ಗೀಚಿಕೊಂಡು ಬಂದಿದ್ದೀ. ಪುಟದ ತುಂಬ ಕಾಲು, ಬಾಲ, ಕೆಸರು. ಆ ಕೆಲಸಕ್ಕೆ ಫೋಟೊದವರಿದ್ದಾರೆ. ನೀನು ಕೋಣ ಓಡುವ ಕರೆಯ ದಂಡೆಯಲ್ಲಿ ನಿಂತವರನ್ನು ಬರೆ.

2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುತ್ತ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ. ಅಷ್ಟು ಹೊತ್ತಿಗೆ ನಿನ್ನ ಪೆನ್ನಿನ ಮುಚ್ಚಳ ತೆಗೆದಾದೀತು, ಅಷ್ಟೇ. ಆದರೆ ಮುಂದಿನ ಜೋಡಿಯನ್ನು ಸಾಲಾಗಿ ನಿಲ್ಲಿಸಬೇಕಲ್ಲ, ಅದಕ್ಕೆ ಎಷ್ಟು ಹೊತ್ತು! ಕೋಣ ಹಿಂದೆ ಸರಿಯುತ್ತದೆ, ಅಡ್ಡ ತಿರುಗುತ್ತದೆ, ಮೈಕಿನವರು ಕೂಗುತ್ತಲೇ ಇರುತ್ತಾರೆ. ಕಾಯುವಾಗಲೇ ಮನುಷ್ಯನ ಗುಣ ಮೈಯಲ್ಲಿ ಕಾಣುವುದು. ತಲೆಗೆ ಬೈರಾಸು ಸುತ್ತಿದ ಆ ಅಜ್ಜನನ್ನು ನೋಡು. ಕೈ ಹಿಂದಕ್ಕೆ ಕಟ್ಟಿದ್ದಾರೆ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಕೂಗಾಟವಿಲ್ಲ, ಕಣ್ಣು ಕೋಣದ ಗೊರಸಿನ ಮೇಲೆ. ಕೋಣ ಸಾಕಿದ ಮನೆಯವರು ಎಂದು ಯಾರೂ ಹೇಳಬೇಕಿಲ್ಲ. ಪಕ್ಕದ ಹುಡುಗ ಚರುಮುರಿ ಪೊಟ್ಟಣವನ್ನು ಬಾಯಿಯ ಹತ್ತಿರ ತಂದವನು ತಿನ್ನಲು ಮರೆತಿದ್ದಾನೆ.

ಇನ್ನೊಂದು. ಹಗ್ಗ, ನೇಗಿಲು ವಿಭಾಗಗಳ ಓಟದಲ್ಲಿ ಜನರ ಕತ್ತುಗಳು ಪಕ್ಕಕ್ಕೆ ಹೊರಳುತ್ತವೆ. ಕನೆಹಲಗೆಯಲ್ಲಿ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಿತೋ ಇಲ್ಲವೋ ಎಂದು ಎಲ್ಲರ ಗದ್ದ ಮೇಲೆ. ಇದನ್ನು ಗಮನಿಸದೆ ಬರೆದರೆ ಊರಿನವರು ಚಿತ್ರ ನೋಡಿ ನಕ್ಕಾರು.

ಮೊದಲು ಹೆಗಲು ಎಳೆ, ಆಮೇಲೆ ಪಾದ. ಮುಖಕ್ಕೆ ಅವಸರ ಬೇಡ. ಎರಡು ಮೂರು ಮುಖ ಸಾಕು, ಉಳಿದವರು ಬರಿಯ ತಲೆಗಳ ಸಾಲಾಗಿರಲಿ. ಹೊನಲು ಬೆಳಕಿನಲ್ಲಿ ಕೆನ್ನೆಯ ಒಂದು ಬದಿ ಬೆಳ್ಳಗೆ, ಇನ್ನೊಂದು ಬದಿ ಕಪ್ಪು. ಬೆಳಕಿನ ಕಡೆ ಶಾಯಿ ಮುಟ್ಟಿಸಲೇಬೇಡ. ಗೆರೆ ತಪ್ಪಿತೋ, ಹಾಳೆ ಹರಿಯಬೇಡ. ಪಕ್ಕದಲ್ಲೇ ಸರಿಯಾದದ್ದನ್ನು ಎಳೆ, ಎರಡೂ ಇರಲಿ. ಗುಂಪು ಎಂದರೆ ಅಲುಗಾಡುವುದೇ ಅಲ್ಲವೇ? ಮೊಬೈಲಿನಲ್ಲಿ ಹಿಡಿದು ಮನೆಯಲ್ಲಿ ಕೂತು ನಕಲು ಮಾಡುವ ಚಟ ಮಾತ್ರ ಬಿಡು.

ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡು. ಎಷ್ಟು ಕಡಿಮೆ ಗೆರೆಯಲ್ಲಿ ಮೈ ಬಳುಕುತ್ತದೆ! ಅವನ್ನು ನೋಡಿ ನನ್ನ ಕಣ್ಣು ಇಂದಿಗೂ ತಣಿದಿಲ್ಲ.

ಮೂಡುಬಿದಿರೆಯ ಕಂಬಳಕ್ಕೆ ಹೋಗುವಾಗ ಎರಡು ಪೆನ್ನು ಇಟ್ಟುಕೋ. ಬೆಳಗಿನ ಜಾವ ಇಬ್ಬನಿಗೆ ಕಾಗದ ನೆನೆಯುತ್ತದೆ, ಪುಸ್ತಕಕ್ಕೆ ಪ್ಲಾಸ್ಟಿಕ್ ಸುತ್ತು. ಅಂಥ ಅಜ್ಜ ಸಿಕ್ಕರೆ ಚಿತ್ರ ತೋರಿಸಿ, ನಿಂತದ್ದು ಹೀಗೆಯೋ ಎಂದು ಕೇಳು. ಅವರು ತಪ್ಪು ಎಂದರೆ ಚಿತ್ರವನ್ನು ಅಲ್ಲೇ ತಿದ್ದು.