ಇಂದಿನ ಚಿಂತನೆ: ಒಂದೇ ತಟ್ಟೆ, ಎರಡು ತಂಡ


ಊಟದ್ದೂ ತಟ್ಟೆ, ಗ್ರಾಮಫೋನಿನದೂ ತಟ್ಟೆ. 1982ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ‘ಡಿಸ್ಕಾರ್ಡ್’ ಸಂಸ್ಥೆ ಒಂದು ಹಾಡಿನ ತಟ್ಟೆ ಹೊರತಂದಿತು. ಹಾಡುವ ಹುಡುಗರೇ 1980ರಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ದೊಡ್ಡ ಕಂಪನಿಗಳ ಹಂಗಿಲ್ಲ. ತಟ್ಟೆಯ ಒಂದು ಮಗ್ಗುಲಲ್ಲಿ ಅದೇ ಊರಿನ ‘ದಿ ಫೇತ್’ ತಂಡ, ಇನ್ನೊಂದರಲ್ಲಿ ಪಕ್ಕದ ಮೇರಿಲ್ಯಾಂಡ್ ರಾಜ್ಯದ ‘ವಾಯ್ಡ್’ ತಂಡ. ತಲಾ 12 ಹಾಡು.

ಇಬ್ಬರದೂ ಪಂಕ್ ಸಂಗೀತವೇ. ಫೇತ್‌ನವರದು ಬಿಗಿ ಲಯ. ವಾಯ್ಡ್‌ನವರದು ಲಯವೇ ಹರಿದುಹೋಗುವಂಥ ಅಬ್ಬರ, ನನ್ನ ಕಿವಿಗಂತೂ ಕಷ್ಟ. ಆದರೂ ಅವರ ಪಾಲು ಕಡಿಮೆಯಾಗಲಿಲ್ಲ. ‘ನಮ್ಮ ಜೊತೆ ಕೂರಬೇಕಾದರೆ ನಮ್ಮಂತೆ ಮಾತಾಡಿ’ ಎಂಬ ಷರತ್ತನ್ನು ಸ್ಟಾಫ್ ರೂಮಿನಲ್ಲಿ ನಾನು ಕೇಳಿದ್ದೇನೆ, ನೀವೂ ನಿಮ್ಮಲ್ಲಿ ಕೇಳಿರುತ್ತೀರಿ. ಈ ತಟ್ಟೆಗೆ ಅದಿರಲಿಲ್ಲ. ಇಂದು ಇದನ್ನು ಹುಡುಕಿ ಕೇಳುವವರಲ್ಲಿ ಅನೇಕರು ವಾಯ್ಡ್ ಮಗ್ಗುಲಿಗಾಗಿಯೇ ಕೇಳುತ್ತಾರೆ.