ಅಧ್ಯಯನ ಪಾಠ: ಮುಗಿದ ಸರಕಿಗೂ ಆನ್‌ಲೈನ್ ಆರ್ಡರ್ ಬರುವುದೇಕೆ?

ಸ್ವಸಹಾಯ ಗುಂಪುಗಳ ಮಹಿಳೆಯರು ತಯಾರಿಸುವ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ, ಕಸೂತಿ ಬಟ್ಟೆಗಳು ಇಂದು ಆನ್‌ಲೈನ್ ಅಂಗಡಿಗಳಲ್ಲಿಯೂ ಮಾರಾಟವಾಗುತ್ತಿವೆ. ಹಣ ಪಾವತಿಸಿದ ಗ್ರಾಹಕರಿಗೆ ಮರುದಿನ ‘ಸರಕು ಲಭ್ಯವಿಲ್ಲ, ಆರ್ಡರ್ ರದ್ದಾಗಿದೆ’ ಎಂಬ ಸಂದೇಶ ಬಂದರೆ ಅದನ್ನು ಮೋಸವೆಂದು ಭಾವಿಸುವುದು ಸಹಜ. ಆದರೆ ಬಹಳಷ್ಟು ಸಲ ದೋಷವಿರುವುದು ಎಣಿಕೆಯಲ್ಲಿ.

ಊರಿನ ಕಿರಾಣಿ ಅಂಗಡಿಯವರು ಗ್ರಾಹಕರು ಕೇಳಿದೊಡನೆ ಹಿಂತಿರುಗಿ ಡಬ್ಬಿ ನೋಡಿ ಉತ್ತರಿಸುತ್ತಾರೆ. ಆನ್‌ಲೈನ್ ಅಂಗಡಿಯು ಡಬ್ಬಿಯನ್ನು ನೋಡುವುದಿಲ್ಲ. ಮಾರಾಟಗಾರರು ಹಿಂದೆಂದೋ ನಮೂದಿಸಿದ ಸಂಖ್ಯೆಯನ್ನು ಮಾತ್ರ ನೋಡುತ್ತದೆ.

ಉದಾಹರಣೆಗೆ, ಒಂದು ಒಕ್ಕೂಟದಲ್ಲಿ 40 ಪೊಟ್ಟಣ ಚಟ್ನಿಪುಡಿ ಇದೆ ಎಂದಿಟ್ಟುಕೊಳ್ಳೋಣ. ಎರಡು ಆನ್‌ಲೈನ್ ಅಂಗಡಿಗಳಲ್ಲಿಯೂ 40 ಎಂದೇ ನಮೂದಾಗಿದೆ. ಶನಿವಾರದ ಸಂತೆಯಲ್ಲಿ 15 ಪೊಟ್ಟಣ ಮಾರಾಟವಾಗಿ 25 ಉಳಿಯುತ್ತವೆ. ಆದರೆ ಪರದೆಯ ಮೇಲಿನ ಸಂಖ್ಯೆಯನ್ನು ಯಾರೂ ತಿದ್ದಿಲ್ಲ. ಭಾನುವಾರ ಒಂದು ಅಂಗಡಿಯಿಂದ 18, ಇನ್ನೊಂದರಿಂದ 12, ಒಟ್ಟು 30 ಆರ್ಡರ್ ಬರುತ್ತವೆ. ಐವರಿಗೆ ಕೊಡಲು ಪೊಟ್ಟಣವಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೂ ಐವರ ಹಣ ಮರುಪಾವತಿಯಾಗುವವರೆಗೆ ಸಿಲುಕಿಕೊಂಡಿರುತ್ತದೆ.

ಬೇರೆ ಕಾರಣಗಳೂ ಇವೆ. ಕಾರ್ಟ್‌ಗೆ ಸೇರಿಸಿದ ಮಾತ್ರಕ್ಕೆ ಸರಕು ಗ್ರಾಹಕರ ಹೆಸರಿಗೆ ಕಾಯ್ದಿರಿಸಲ್ಪಡುತ್ತದೆಂದು ತಿಳಿಯಬಾರದು. ಕೊನೆಯ ಒಂದು ಪೊಟ್ಟಣಕ್ಕೆ ಇಬ್ಬರು ಏಕಕಾಲಕ್ಕೆ ಹಣ ಪಾವತಿಸುವ ಸಾಧ್ಯತೆಯಿದೆ. ಇಲಿ ಕಡಿದ, ತೇವ ತಗುಲಿದ ಪೊಟ್ಟಣಗಳು ಲೆಕ್ಕದಲ್ಲಿ ಹಾಗೆಯೇ ಉಳಿದಿರುತ್ತವೆ. ಕೆಲವು ಮಾರಾಟಗಾರರು ಸರಕನ್ನು ಇಟ್ಟುಕೊಳ್ಳುವುದೇ ಇಲ್ಲ. ಆರ್ಡರ್ ಬಂದ ನಂತರ ಸಗಟು ವ್ಯಾಪಾರಿಯಿಂದ ಕಳುಹಿಸುತ್ತಾರೆ. ಈ ಪದ್ಧತಿಯೇ ತಪ್ಪೆನ್ನಲಾಗದು. ಆದರೆ ‘ಮುಗಿದಿದೆ’ ಎಂದು ತೋರಿಸಿದರೆ ಗಿರಾಕಿ ಕೈತಪ್ಪಬಹುದೆಂಬ ಭಯದಿಂದ, ಇಲ್ಲದ ಸರಕನ್ನು ಇದೆಯೆಂದು ಗೊತ್ತಿದ್ದೂ ತೋರಿಸುವುದು ವಂಚನೆಯೇ ಸರಿ.

ಮಾರಾಟಗಾರರ ಕಡೆಯಿಂದ ಪದೇ ಪದೇ ಆರ್ಡರ್ ರದ್ದಾದರೆ ಆನ್‌ಲೈನ್ ಅಂಗಡಿಗಳು ಅವರ ಸರಕನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಬಹುದು, ಖಾತೆಯನ್ನೇ ತಡೆಹಿಡಿಯಬಹುದು. ವರ್ಷಗಟ್ಟಲೆ ಗಳಿಸಿದ ಹೆಸರು ಒಂದೇ ಹಬ್ಬದ ವಾರದಲ್ಲಿ ಕೆಡಬಹುದು. ಆದ್ದರಿಂದ ಒಕ್ಕೂಟಗಳು ಒಂದೇ ದಾಸ್ತಾನು ವಹಿಯನ್ನು ನಿರ್ವಹಿಸಿ, ಸರಕನ್ನು ಮೊದಲೇ ಹಂಚಿಡುವುದು ಸೂಕ್ತ. ಮೇಲಿನ ಉದಾಹರಣೆಯಲ್ಲಿ ಸಂತೆಗೆ 15, ಒಂದು ಅಂಗಡಿಗೆ 12, ಇನ್ನೊಂದಕ್ಕೆ 10 ಎಂದು ನಮೂದಿಸಿ, 3 ಪೊಟ್ಟಣಗಳನ್ನು ಎಲ್ಲಿಯೂ ತೋರಿಸದೆ ಕೈಯಲ್ಲಿಟ್ಟುಕೊಳ್ಳಬೇಕು. ಸಂತೆಯಲ್ಲಿ ಉಳಿದು ಬಂದ ಸರಕನ್ನು ಎಣಿಸಿದ ಮೇಲೆಯೇ ಆನ್‌ಲೈನ್ ಲೆಕ್ಕಕ್ಕೆ ಸೇರಿಸಬೇಕು. ಹಬ್ಬದ ದಿನಗಳಲ್ಲಿ ಪ್ರತಿ ಸಂಜೆ ಪೊಟ್ಟಣಗಳನ್ನು ಕೈಯಿಂದಲೇ ಎಣಿಸುವುದು ಒಳಿತು.

ಗ್ರಾಹಕರು ಆರ್ಡರ್ ಸಂಖ್ಯೆ, ಪಾವತಿಯ ವಿವರ ಹಾಗೂ ರದ್ದತಿಯ ಸಂದೇಶವನ್ನು ಉಳಿಸಿಕೊಳ್ಳತಕ್ಕದ್ದು. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಕುಂದುಕೊರತೆ ಅಧಿಕಾರಿಯು ದೂರು ಸ್ವೀಕೃತಿಯನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಣ ಹಿಂದಿರುಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.