ರಾತ್ರಿ ಹತ್ತರ ರೊಟ್ಟಿ: ತೂಕ ಇಳಿಸುವವರಿಗೆ ಒಂಬತ್ತು ಪಾಠ

ಅಫಜಲಪುರದಲ್ಲಿ ಆಹಾರ ಸಲಹೆ ಕೇಳಿ ಬರುವವರ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: "ರಾತ್ರಿ ತಡಾ ಮಾಡಿ ಉಂಡ್ರ ಮೈ ಬರ್ತದೇನ್ರಿ, ಮೇಡಂ?" ಸಂಜೆ ಏಳರ ನಂತರ ಬಾಯಿಗೆ ಏನೂ ಹಾಕಬೇಡಿ ಎಂದು ಮೊಬೈಲ್‌ನಲ್ಲಿ ಯಾರೋ ಹೇಳಿರುತ್ತಾರೆ. ಏಳಕ್ಕೆ ಇಲ್ಲಿ ಎಷ್ಟೋ ಮನೆಗಳಲ್ಲಿ ಒಲೆಯೇ ಹೊತ್ತಿರುವುದಿಲ್ಲ. ಹೊಲದಿಂದ ಬಂದವರು ಕೈಕಾಲು ತೊಳೆಯುತ್ತಿರುತ್ತಾರೆ, ಕಲಬುರಗಿಗೆ ನೌಕರಿಗೆ ಹೋದವರು ಇನ್ನೂ ಬಸ್ಸಿನಲ್ಲಿರುತ್ತಾರೆ, ಅಂಗಡಿಯವರಿಗೆ ವ್ಯಾಪಾರದ ಹೊತ್ತು. ಊಟ ಒಂಬತ್ತೂವರೆ, ಹತ್ತಕ್ಕೆ. ಹಾಗಾದರೆ ಇವರ ತೂಕ ಇಳಿಯುವುದೇ ಇಲ್ಲವೇ? ಇಳಿಯುತ್ತದೆ. ಅದು ಹೇಗೆಂದು ಭೀಮಾ ತೀರದ ಈ ತಾಲ್ಲೂಕಿನ ಜನರ ಊಟದ ಲೆಕ್ಕ ಬರೆದುಕೊಳ್ಳುತ್ತಾ ಕಲಿತ ಪಾಠಗಳು ಇವು.

1. ಗಡಿಯಾರಕ್ಕಿಂತ ಮೊದಲು ಗಂಗಾಳ ನೋಡಬೇಕು

ರಾತ್ರಿ ಹತ್ತಕ್ಕೆ ಉಂಡ ರೊಟ್ಟಿ ನೇರ ಕೊಬ್ಬಾಗುತ್ತದೆ, ಸಂಜೆ ಆರಕ್ಕೆ ಉಂಡದ್ದು ಆಗುವುದಿಲ್ಲ ಎಂಬ ನಂಬಿಕೆ ಬಿಡಬೇಕು. ಸುಮಾರು 50 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಅಂದಾಜು 170 ಕ್ಯಾಲರಿ ಇರುತ್ತದೆ. ಯಾವ ಹೊತ್ತಿಗೆ ಉಂಡರೂ ಅದು ಅಷ್ಟೇ. ಮೈಯಲ್ಲಿನ ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿಗಳ ಕೊರತೆ ಬೀಳಬೇಕು.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ತೂಕ ಹೆಚ್ಚಿದ್ದ 30 ಜನ ನಾಲ್ಕು ವಾರ ದಿನದ ದೊಡ್ಡ ಊಟವನ್ನು ಬೆಳಗ್ಗೆ ಉಂಡರು, ಇನ್ನು ನಾಲ್ಕು ವಾರ ಅದನ್ನೇ ರಾತ್ರಿ ಉಂಡರು. ಒಟ್ಟು ಕ್ಯಾಲರಿ ಸಮ ಇತ್ತು. ಇಳಿದ ತೂಕವೂ ಎರಡೂ ಸಲ ಹೆಚ್ಚುಕಡಿಮೆ ಸಮವೇ. ಅದಕ್ಕೂ ಮೊದಲು, 2011ರಲ್ಲಿ, ಇಸ್ರೇಲಿನ ಪೊಲೀಸರ ಮೇಲೆ ಆರು ತಿಂಗಳ ಪ್ರಯೋಗ ನಡೆದಿತ್ತು. ಅಲ್ಲಿ ಬ್ರೆಡ್ಡು, ಅನ್ನದಂಥ ಪಿಷ್ಟದ ಆಹಾರವನ್ನು ಹೆಚ್ಚಾಗಿ ರಾತ್ರಿಯೇ ಉಂಡವರ ತೂಕವೂ ಚೆನ್ನಾಗಿಯೇ ಇಳಿಯಿತು. ಆದ್ದರಿಂದ ನನ್ನ ಬಳಿ ಬಂದವರನ್ನು ನಾನು ಮೊದಲು ಕೇಳುವುದು "ಎಷ್ಟು ರೊಟ್ಟಿ, ಎಷ್ಟು ಎಣ್ಣೆ, ಎಷ್ಟು ಚಹಾ?" ಎಂದು. "ಎಷ್ಟೊತ್ತಿಗೆ?" ಎನ್ನುವುದು ಆಮೇಲಿನ ಪ್ರಶ್ನೆ.

2. ಆದರೂ ತಡವಾದ ಊಟ ಹಸಿವನ್ನು ಕೆರಳಿಸುತ್ತದೆ

ಅಬರ್ಡೀನ್ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು: ಬೆಳಗ್ಗೆ ಹೊಟ್ಟೆ ತುಂಬ ಉಂಡ ವಾರಗಳಲ್ಲಿ ಜನರಿಗೆ ಹಸಿವು ಕಡಿಮೆ ಕಾಡಿತು. ಅದೇ ವರ್ಷ ಅಮೆರಿಕದ ಬಾಸ್ಟನ್ನಿನ ಸಂಶೋಧಕರು 16 ಜನರಿಗೆ ಅದೇ ಊಟವನ್ನು ನಾಲ್ಕು ತಾಸು ತಡ ಮಾಡಿ ಕೊಟ್ಟು ನೋಡಿದರು. ಹಸಿವು ಹೆಚ್ಚಿತು, ಹೊಟ್ಟೆ ತುಂಬಿದೆ ಎಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ತಗ್ಗಿತು, ದೇಹ ಖರ್ಚು ಮಾಡುವ ಶಕ್ತಿಯೂ ತುಸು ಇಳಿಯಿತು. ರಾತ್ರಿ ಹತ್ತಕ್ಕೆ ಉಂಡಾಗ, ಸಂಜೆ ಆರಕ್ಕೆ ಉಂಡದ್ದಕ್ಕಿಂತ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ, ಕೊಬ್ಬು ಕರಗುವುದು ಕಡಿಮೆಯಾಗುತ್ತದೆ ಎಂದು 2020ರ ಇನ್ನೊಂದು ಅಧ್ಯಯನ ತೋರಿಸಿತ್ತು.

ಪ್ರಯೋಗಶಾಲೆಯಲ್ಲಿ ಊಟವನ್ನು ಅಳೆದು ಕೊಡುತ್ತಾರೆ. ಮನೆಯಲ್ಲಿ ಅಳೆದು ಬಡಿಸುವವರು ಯಾರು? ಹಸಿವು ಕೆರಳಿದವರು ಎರಡು ರೊಟ್ಟಿ ಎಂದುಕೊಂಡು ಕೂತರೂ ಮೂರನೆಯದಕ್ಕೆ ಕೈ ಹಾಕುತ್ತಾರೆ. ಹೊತ್ತು ಮೀರಿದ ಊಟ ತೂಕ ಹೆಚ್ಚಿಸುವ ಮುಖ್ಯ ದಾರಿ ಇದೇ ಎಂಬುದು ನಾನು ಕಂಡ ಸತ್ಯ.

3. ರಾತ್ರಿಯ ಹಸಿವು ಮುಂಜಾನೆಯೇ ಹುಟ್ಟುತ್ತದೆ

"ಮುಂಜಾನಿಂದ ಏನೂ ತಿಂದಿಲ್ರಿ, ಬರೇ ಚಹಾದ ಮ್ಯಾಲೇ ಇದ್ದೀನ್ರಿ" ಎಂದು ಹೆಮ್ಮೆಯಿಂದ ಹೇಳುವವರು ಬಹಳ. ಅವರ ರಾತ್ರಿಯ ಊಟದ ಲೆಕ್ಕ ಬರೆದರೆ ದಿನದ ಮುಕ್ಕಾಲು ಪಾಲು ಅಲ್ಲೇ ಸಿಗುತ್ತದೆ. ಹೊಲಕ್ಕೆ ಹೋಗುವ ನಮ್ಮ ಹಿರಿಯರ ಪದ್ಧತಿ ಬೇರೆ ಇತ್ತು. ಬೆಳಗ್ಗೆಯೇ ರೊಟ್ಟಿ ಬಡಿದು, ಪಲ್ಯ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೊರಡುತ್ತಿದ್ದರು. ದಿನದ ದೊಡ್ಡ ಊಟ ಹೊಲದ ಬದುವಿನ ಮೇಲೆ, ಬಿಸಿಲಲ್ಲೇ ಮುಗಿಯುತ್ತಿತ್ತು. ಪೇಟೆಯ ಬದುಕಿಗೆ ಬಂದವರು ಬುತ್ತಿ ಬಿಟ್ಟು, ಬೆಳಗ್ಗೆ ಒಂದು ತಾಟು ಸುಸಲಾ ತಿಂದು, ಮಧ್ಯಾಹ್ನದ ಊಟವನ್ನು ನಾಲ್ಕಕ್ಕೆ ತಳ್ಳಿದರು.

ಮಧ್ಯಾಹ್ನದ ಊಟದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಸ್ಪೇನ್‌ನಲ್ಲಿ ತೂಕ ಇಳಿಸುವ 20 ವಾರಗಳ ಚಿಕಿತ್ಸೆಗೆ ಸೇರಿದ್ದ 420 ಜನರಲ್ಲಿ, ದಿನದ ಮುಖ್ಯ ಊಟವನ್ನು ಮಧ್ಯಾಹ್ನ ಮೂರರ ನಂತರ ಉಣ್ಣುತ್ತಿದ್ದವರ ತೂಕ ಕಡಿಮೆ ಇಳಿಯಿತು ಎಂದು 2013ರಲ್ಲಿ ವರದಿಯಾಯಿತು. ಅದೇ ವರ್ಷ ಇಸ್ರೇಲಿನಲ್ಲಿ 93 ಮಹಿಳೆಯರಿಗೆ ದಿನಕ್ಕೆ 1,400 ಕ್ಯಾಲರಿಯ ಆಹಾರಕ್ರಮ ಹೇಳಿ ನೋಡಿದಾಗ, ಅದರ ಅರ್ಧವನ್ನು ಬೆಳಗ್ಗೆಯೇ ಉಂಡವರು, ಅರ್ಧವನ್ನು ರಾತ್ರಿಗೆ ಇಟ್ಟವರಿಗಿಂತ ಹೆಚ್ಚು ತೂಕ ಇಳಿಸಿಕೊಂಡರು. ಈ ಫಲಿತಾಂಶ ಅಬರ್ಡೀನಿನದಕ್ಕೆ ಹೊಂದುವುದಿಲ್ಲ ನಿಜ. ಮನೆಯಲ್ಲಿ ತಾವೇ ಬಡಿಸಿಕೊಂಡು ಉಣ್ಣುವವರಿಗೂ ಅಬರ್ಡೀನಿನಂತೆ ಎಲ್ಲ ಊಟವನ್ನೂ ಅಳೆದು ಪಡೆದವರಿಗೂ ಇರುವ ಅಂತರ ಇದಕ್ಕೆ ಒಂದು ಕಾರಣ ಇರಬಹುದು. ನನ್ನ ಸಲಹೆ ಸರಳ: ಬೆಳಗ್ಗೆ ರೊಟ್ಟಿಯೊಂದಿಗೆ ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಮೊಸರು. ಮಧ್ಯಾಹ್ನ ಎರಡರೊಳಗೆ ತೊಗರಿಬೇಳೆ, ಸೊಪ್ಪು ಸೇರಿದ ಪೂರ್ತಿ ಊಟ. ತೊಗರಿಯ ಕಣಜದಲ್ಲಿರುವ ನಮಗೆ ಪ್ರೋಟೀನ್ ಪುಡಿಯ ಡಬ್ಬಿ ಬೇಕಿಲ್ಲ.

4. ಐದರಿಂದ ಹತ್ತರವರೆಗಿನ ತಿನಿಸು ಬರೆದಿಡಿ

ರಾತ್ರಿ ತಡವಾಗಿ ಉಣ್ಣುವವರು ಅಲ್ಲಿಯತನಕ ಉಪವಾಸ ಇರುವುದಿಲ್ಲ. ಸಂಜೆ ಬಸ್ ನಿಲ್ದಾಣದ ಕಡೆ ಮಿರ್ಚಿ ಭಜಿ, ಜೊತೆಗೆ ಚುರಮುರಿ, ಎರಡು ಕಪ್ ಚಹಾ, ಧಾರಾವಾಹಿ ನೋಡುತ್ತಾ ಒಂದು ಹಿಡಿ ಶೇಂಗಾ. ಇದನ್ನು ಯಾರೂ ಊಟ ಎಂದು ಲೆಕ್ಕ ಹಿಡಿಯುವುದಿಲ್ಲ. ದೊಡ್ಡ ಚಮಚದ ಒಂದು ಅಳತೆ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ, 100 ಗ್ರಾಂ ಶೇಂಗಾದಲ್ಲಿ 500ಕ್ಕೂ ಮಿಕ್ಕಿ, ಎರಡು ಚಮಚ ಸಕ್ಕರೆ ಹಾಕಿದ ಚಹಾದಲ್ಲಿ ಹಾಲು ಬಿಟ್ಟು ಸಕ್ಕರೆಯದ್ದೇ 40. ಭಜಿ ತಿಂದ ಮೇಲೂ ಹತ್ತಕ್ಕೆ ರೊಟ್ಟಿ ತಪ್ಪುವುದಿಲ್ಲ. ತೂಕ ಹೆಚ್ಚಿದಾಗ ಬೈಸಿಕೊಳ್ಳುವುದು ಮಾತ್ರ ರೊಟ್ಟಿ.

ಊಟ ತಡವಾಗುವುದು ಖಚಿತವಿದ್ದರೆ ಸಂಜೆ ಆರರ ಸುಮಾರಿಗೆ ಒಂದು ತಿನಿಸನ್ನು ಮೊದಲೇ ಗೊತ್ತು ಮಾಡಿಕೊಳ್ಳಿ: ಒಂದು ಬಟ್ಟಲು ಕುದಿಸಿದ ಕಡಲೆ, ಪೇರಲಹಣ್ಣು, ಸೌತೆಕಾಯಿ, ಮಜ್ಜಿಗೆ, ಇವುಗಳಲ್ಲಿ ಯಾವುದಾದರೂ. ರಾತ್ರಿಯ ಊಟದಲ್ಲಿ ಒಂದು ರೊಟ್ಟಿ ತಾನಾಗಿಯೇ ಕಡಿಮೆಯಾಗುತ್ತದೆ.

5. ಎಲ್ಲರಿಗಿಂತ ಕೊನೆಗೆ ಉಣ್ಣುವವಳನ್ನು ಕೇಳಿ

ಸಲಹೆಗೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಜನರಿಗೆ ತಡವಾದ ಊಟ ತಾವಾಗಿ ಆರಿಸಿಕೊಂಡದ್ದಲ್ಲ. ಮಕ್ಕಳಿಗೆ ಬಡಿಸಿ, ಅತ್ತೆ ಮಾವಂದಿರಿಗೆ ಬಡಿಸಿ, ಗಂಡ ಬಂದ ಮೇಲೆ ಅವನಿಗೆ ಬಿಸಿ ರೊಟ್ಟಿ ಬಡಿದು ಕೊಟ್ಟು, ಕೊನೆಗೆ ಉಣ್ಣುತ್ತಾರೆ. ಉಳಿದ ಅನ್ನ, ಸಾರು, ಮಕ್ಕಳು ಬಿಟ್ಟ ಪಲ್ಯ ಎಲ್ಲವೂ ಆ ಗಂಗಾಳಕ್ಕೇ ಬರುತ್ತದೆ. "ಅನ್ನ ಹ್ಯಾಂಗ ಚೆಲ್ಲಲ್ರಿ?" ಎನ್ನುವ ಪ್ರಶ್ನೆಗೆ ಕ್ಯಾಲರಿ ಪಟ್ಟಿ ತೋರಿಸಿದರೆ ಉಪಯೋಗವಿಲ್ಲ.

ಇಲ್ಲಿ ಕೆಲಸಕ್ಕೆ ಬಂದದ್ದು ನಮ್ಮ ಅಡುಗೆಯದೇ ಉಪಾಯ. ಉಳಿದ ರೊಟ್ಟಿ ಒಣಗಿಸಿ ಕಡಕ್ ಮಾಡಿಡಬಹುದು, ಇಲ್ಲವೆ ಮುರಿದು ಮುಂಜಾನೆ ಒಗ್ಗರಣೆ ಕೊಡಬಹುದು. ಅಕ್ಕಿಯನ್ನು ಒಂದು ಮುಷ್ಟಿ ಕಡಿಮೆ ಹಾಕಬಹುದು. ಇವೆಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಮಕ್ಕಳ ಜೊತೆಗೇ ಎಂಟಕ್ಕೆ ಉಂಡು ಮುಗಿಸುವುದು. ಇದಕ್ಕೆ ಮನೆಯವರ ಒಪ್ಪಿಗೆ ಬೇಕು. ಹೆಂಡತಿಯ ತೂಕದ ಚಿಂತೆ ಹೇಳಿಕೊಂಡು ಬರುವ ಗಂಡಂದಿರಿಗೆ ನಾನು ಹೇಳುವುದು: ತಡವಾಗಿ ಬಂದ ದಿನ ನಿಮ್ಮ ರೊಟ್ಟಿಯನ್ನು ನೀವೇ ಬಡಿಸಿಕೊಳ್ಳಿ.

6. ರಾತ್ರಿ ದುಡಿಯುವವರಿಗೆ ಬೇರೆ ಲೆಕ್ಕ

ಕಬ್ಬಿಗೆ ನೀರು ಬಿಡುವವರು ತ್ರೀ ಫೇಸ್ ಕರೆಂಟ್ ಬಂದ ಹೊತ್ತಿಗೆ ಪಂಪು ಹಚ್ಚಬೇಕು, ಅದು ನಡುರಾತ್ರಿಯಾದರೂ ಸರಿ. ಕಬ್ಬು ನುರಿಸುವ ಕಾಲದಲ್ಲಿ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರು ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಇರುತ್ತದೆ. ಇವರಿಗೆ "ಏಳರೊಳಗೆ ಉಣ್ಣಿ" ಎನ್ನುವುದು ಅಪಹಾಸ್ಯ ಮಾಡಿದಂತೆ.

ದೇಹಕ್ಕೆ ತನ್ನದೇ ಹಗಲು ರಾತ್ರಿಯ ಲಯವಿದೆ. ಅದು ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರ ನೊಬೆಲ್ ಬಹುಮಾನ ಬಂತು. ರಾತ್ರಿ ಎಚ್ಚರವಿದ್ದರೂ ಊಟವನ್ನು ಹಗಲಿಗೇ ಉಳಿಸಿಕೊಂಡವರಲ್ಲಿ ರಕ್ತದ ಸಕ್ಕರೆ ಕೆಡಲಿಲ್ಲ ಎಂದು 2021ರ ಸಣ್ಣ ಪ್ರಯೋಗವೊಂದು ತೋರಿಸಿದೆ. ಹಾಗಾಗಿ ಪಾಳಿಯವರಿಗೆ ನನ್ನ ಮಾತು ಇದು: ಕೆಲಸಕ್ಕೆ ಹೊರಡುವ ಮುನ್ನ ಪೂರ್ತಿ ಊಟ ಮಾಡಿ. ನಡುರಾತ್ರಿ ಹಸಿದರೆ ಮಜ್ಜಿಗೆ, ಕುದಿಸಿದ ಮೊಟ್ಟೆ, ಒಂದು ಹಿಡಿ ಪುಟಾಣಿ ಸಾಕು. ಬೆಳಗ್ಗೆ ಮನೆಗೆ ಬಂದು ಹಗುರಾಗಿ ತಿಂದು ಮಲಗಿ. ನಿದ್ದೆ ತಡೆಯಲು ಕುಡಿಯುವ ಚಹಾಕ್ಕೆ ಸಕ್ಕರೆ ಅರ್ಧ ಮಾಡಿ.

7. ಒಪ್ಪತ್ತು, ರೋಜಾ: ಬಿಡುವ ಹೊತ್ತಿನ ಊಟ ನೋಡಿ

ಗಾಣಗಾಪುರದ ದತ್ತನಿಗೆ ಗುರುವಾರ, ಶಿವನಿಗೆ ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಹಗಲೆಲ್ಲ ಬಿಟ್ಟು ರಾತ್ರಿ ಸಾಬೂದಾನಿ ಖಿಚಡಿ, ಹೋಳಿಗೆ, ತುಪ್ಪ ಉಂಡರೆ ಉಳಿತಾಯ ಏನೂ ಆಗುವುದಿಲ್ಲ. ರಂಜಾನ್ ರೋಜಾದಲ್ಲಿಯೂ ಹೀಗೆಯೇ. ತಿಂಗಳ ಕೊನೆಗೆ ಸರಾಸರಿ ತುಸು ತೂಕ ಇಳಿಯುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಸೂರ್ಯ ಮುಳುಗುವ ಮುನ್ನವೇ ಊಟ ಮುಗಿಸುವ ಜೈನರ ವ್ರತ ಹೊತ್ತಿನ ದೃಷ್ಟಿಯಿಂದ ಒಳ್ಳೆಯದೇ. ಅಲ್ಲಿಯೂ ಕರಿದದ್ದು, ಸಿಹಿ ಹೆಚ್ಚಾದರೆ ತೂಕ ಕೇಳುವುದಿಲ್ಲ. ವ್ರತ ದೇವರಿಗೆ ಇರಲಿ, ಅದನ್ನು ತೂಕದ ಲೆಕ್ಕಕ್ಕೆ ಸೇರಿಸುವುದಾದರೆ ಬಿಡುವ ಹೊತ್ತಿನ ಗಂಗಾಳವನ್ನೂ ಸೇರಿಸಿ.

8. ಊಟಕ್ಕೂ ಹಾಸಿಗೆಗೂ ನಡುವೆ ಎರಡು ತಾಸು ಇರಲಿ

ಉಂಡ ಕೂಡಲೇ ಅಡ್ಡಾದರೆ ಹುಳಿತೇಗು, ಎದೆಯುರಿ. ಎದೆಯುರಿಯಿಂದ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಸಿಹಿ ಕರಿದದ್ದರ ಆಸೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಈ ತೊಂದರೆ ಜೋರು. 42, 43 ಡಿಗ್ರಿ ಬಿಸಿಲಿನಲ್ಲಿ ಹಗಲು ಉಣ್ಣಲು ಮನಸ್ಸಾಗದೆ ಎಲ್ಲವೂ ರಾತ್ರಿಗೆ ಜಾರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ನೌಕರರಿಗೆ ಇದು ಒಳ್ಳೆಯ ಅವಕಾಶ: ಎರಡಕ್ಕೆ ಮನೆಯಲ್ಲೇ ಉಂಡು, ರಾತ್ರಿ ಎಂಟಕ್ಕೆ ಜೋಳದ ನುಚ್ಚು, ಮಜ್ಜಿಗೆಯಂಥ ಹಗುರ ಊಟಕ್ಕೆ ಇಳಿಯಬಹುದು. ಊಟವಾದ ಮೇಲೆ ಓಣಿಯಲ್ಲಿ ಹತ್ತು ನಿಮಿಷ ನಡೆದರೆ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ.

9. ಕೆಲವರು ರಾತ್ರಿಯ ಊಟ ಬಿಡಲೇಬಾರದು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಊಟ ಬಿಟ್ಟರೆ ನಡುರಾತ್ರಿ ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವ ಅಪಾಯವಿದೆ. ಊಟದ ಹೊತ್ತು ಬದಲಿಸುವ ಮೊದಲು ಅವರು ತಮ್ಮ ವೈದ್ಯರನ್ನು ಕೇಳಲೇಬೇಕು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ಹಸಿದು ಮಲಗಬಾರದು. ಕಬ್ಬು ಕಡಿಯುವವರ ದುಡಿಮೆಗೆ ರಾತ್ರಿಯ ಊಟವೇ ಆಧಾರ. ಇನ್ನು ಕೆಲವರಿಗೆ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಅಳೆದು ನೋಡಿದ ಮೇಲೆಯೇ ಊಟ ಬದಲಿಸಲು ಕೈ ಹಚ್ಚಿ.

ಇಷ್ಟೂ ಪಾಠಗಳ ತೀರ್ಪು ಇದು: ತೂಕ ಇಳಿಸುವಲ್ಲಿ ಎಷ್ಟು ಉಂಡಿರಿ ಎನ್ನುವುದಕ್ಕೆ ಮೊದಲ ಸ್ಥಾನ, ಎಷ್ಟೊತ್ತಿಗೆ ಎನ್ನುವುದಕ್ಕೆ ಎರಡನೆಯದು. ಏಳರ ಗಡುವು ನಿಮ್ಮ ದುಡಿಮೆಗೆ ಹೊಂದದಿದ್ದರೆ ಬೇಸರ ಬೇಡ. ಮುಂದಿನ ಸೋಮವಾರದಿಂದ ಎರಡೇ ಎರಡು ಕೆಲಸ ಮಾಡಿ: ರಾತ್ರಿಯ ಊಟದಿಂದ ಒಂದು ರೊಟ್ಟಿ ತೆಗೆದು ಮುಂಜಾನೆಗೆ ಹಾಕಿ, ಸಂಜೆಯ ಭಜಿಯನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ. ಒಂದು ತಿಂಗಳು ಹೀಗೆ ನಡೆಸಿ ತೂಕ ನೋಡಿ. ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ ಆ ತಿಂಗಳಲ್ಲಿ ತಿಂದದ್ದನ್ನೆಲ್ಲ, ಚಹಾ ಸಹಿತ, ಬರೆದುಕೊಂಡು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ.